ಬಡ್ಡಿ ಸಮೇತ

ನಮ್ಮ ದಕ್ಷಿಣ ಕನ್ನಡದ ಇಗರ್ಜಿಗಳಲ್ಲಿ ಯುವಜನರ ಸಂಘಟನೆಗೆ ಆನಿಮೇಟರ್ ಎಂದು ಒಬ್ಬರನ್ನು ನೇಮಿಸುವ ಪದ್ಧತಿ ಉಂಟು. ಅರ್ಹತೆ ಹೆಚ್ಚೇನೂ ಬೇಕಾಗಿಲ್ಲ. ಸ್ವಂತ ಮಕ್ಕಳು ಒಂದು ದಡ ಸೇರಿರಬೇಕು, ಭಾನುವಾರ ಮಧ್ಯಾಹ್ನ ಮಲಗುವ ಚಟ ಇರಬಾರದು, ಫಾದರ್ ಕೇಳಿದ್ದಕ್ಕೆ ಇಲ್ಲ ಎನ್ನಲು ಬಾಯಿ ಬಾರದವರಾಗಿರಬೇಕು. ಮೂರೂ ಗುಣ ನನ್ನಲ್ಲಿ ಕಂಡುದರಿಂದ ನಮ್ಮ ವಿಗಾರರು ಆ ಕುರ್ಚಿಗೆ ನನ್ನನ್ನು ಆರಿಸಿದರು. ಕುರ್ಚಿ ಎಂದದ್ದು ಮಾತಿಗೆ. ಕೂರಲು ಪುರುಸೊತ್ತು ಸಿಗುವುದಿಲ್ಲ. ಕ್ರಿಸ್ಮಸ್ ಗೋದಲಿಗೆ ಬೈಹುಲ್ಲು ಯಾರ ಮನೆಯಿಂದ ತರುವುದು, ವಾರ್ಡುಗಳ ಹಗ್ಗಜಗ್ಗಾಟದಲ್ಲಿ ಮೋಸ ಮಾಡಿದ್ದು ಯಾವ ವಾರ್ಡು, ಗಾಯನ ಮಂಡಳಿಯ ಹುಡುಗನೂ ಸಂಡೇ ಸ್ಕೂಲಿನ ಹುಡುಗಿಯೂ ಒಂದೇ ಕೊಡೆಯಲ್ಲಿ ಮನೆಗೆ ಹೋದದ್ದು ಮಳೆಯ ತಪ್ಪೋ ಅವರ ತಪ್ಪೋ, ಇಂಥ ವ್ಯಾಜ್ಯಗಳೆಲ್ಲ ನನ್ನ ಅಂಗಳಕ್ಕೇ ಬರುತ್ತವೆ. ಶಾಲೆಯಲ್ಲಿ ಕನ್ನಡ ಕಲಿಸುವವಳಾದ್ದರಿಂದ ಸಂಘದವರೆಲ್ಲ ನನ್ನನ್ನು ಟೀಚರ್ ಎಂದೇ ಕರೆಯುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ನಾನು ಒಂದಲ್ಲ ಒಂದು ವರ್ಷ ಸಂಧಿ ಸಮಾಸ ಕಲಿಸಿದ್ದೇನೆ. ಅವರು ಕಲಿತಿದ್ದಾರೆ ಎಂದು ನಾನು ಹೇಳುತ್ತಿಲ್ಲ.

2018ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಕೊಡಗಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ: ಅಲ್ಲಿಯತನಕ ಬಸ್ಸಿನ ಬೋರ್ಡಿನಲ್ಲಿಯೂ ಸರಿಯಾಗಿ ಓದದಿದ್ದ ಊರುಗಳ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಜಪಮಾಲೆಯ ಮಣಿಗಳಾದವು. ಜುಲೈ 9ರಂದು 3.4 ತೀವ್ರತೆಯ ಒಂದು ಸಣ್ಣ ಕಂಪನ ಆಗಿತ್ತು. ಅದೇ ಕಾರಣ ಎಂದು ಕೆಲವರು. ಇಳಿಜಾರನ್ನು ರಸ್ತೆಗೂ ಕಟ್ಟಡಕ್ಕೂ ಕೊಯ್ದದ್ದು ಕಾರಣ ಎಂದು ಹಲವರು. ಯಾರ ಕಾರಣ ಏನೇ ಇರಲಿ, ಮಳೆ ಮಾತ್ರ ಮಳೆಯಾಗಿ ಬರಲಿಲ್ಲ, ಮೊಕದ್ದಮೆಯಾಗಿ ಬಂತು. ಕಾಫಿ ತೋಟಗಳು ಸಿಲ್ವರ್ ಓಕ್ ಮರ, ಮೆಣಸಿನ ಬಳ್ಳಿ ಸಮೇತ ನಿಂತ ನಿಲುವಿನಲ್ಲೇ ಕೆಳಗಿಳಿದು ಗದ್ದೆಗಳ ಮೇಲೆ ಕೂತವು. ಸಾವಿರಾರು ಜನ ಪರಿಹಾರ ಕೇಂದ್ರಗಳಿಗೆ ಬಂದರು. ಜೋಡುಪಾಲದ ಕಡೆಯವರು ಘಾಟಿ ಇಳಿದು ನಮ್ಮ ಜಿಲ್ಲೆಯ ಕಲ್ಲುಗುಂಡಿ, ಅರಂತೋಡಿಗೂ ಬಂದರು. ಅದೇ ವಾರ ಕೇರಳದಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಊರೂರು ಸುತ್ತಿ ಜನರನ್ನು ಎತ್ತಿ ತರುತ್ತಿದ್ದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಅದನ್ನು ನೋಡಿದ ಮೇಲೆ ನಮ್ಮ ಹುಡುಗರನ್ನು ಹಿಡಿದು ಕೂರಿಸುವುದು ಯಾರಿಂದಲೂ ಆಗುವಂತಿರಲಿಲ್ಲ. ದೋಣಿ ಇಲ್ಲ ನಿಜ, ಹಾರೆ ಇದೆಯಲ್ಲ ಟೀಚರ್ ಎಂದರು.

ಹೊರಡುವ ಮೊದಲು ಸಭೆ. ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾದ ವಿಷಯ ಟೀ ಶರ್ಟಿನ ಬಣ್ಣ. ಬಿಳಿ ಶಾಂತಿಯ ಬಣ್ಣ ಎಂದು ಸೆಕ್ರೆಟರಿ. ನೀಲಿ ಮಾತೆ ಮರಿಯಮ್ಮನ ಬಣ್ಣ ಎಂದು ಇನ್ನೊಬ್ಬಳು. ಹಳದಿಯಾದರೆ ಫೋಟೋದಲ್ಲಿ ಎದ್ದು ಕಾಣುತ್ತದೆ ಎಂದು ಗಿಟಾರು ಬಾರಿಸುವ ಹುಡುಗ. ಕಡೆಗೆ ನರ್ಸಿಂಗ್ ಓದುವ ಹುಡುಗಿ ಎದ್ದು, "ಯಾವುದು ಹಾಕಿದರೂ ಸಂಜೆಗೆ ಒಂದೇ ಬಣ್ಣ" ಎಂದಳು. ಟೀ ಶರ್ಟಿನ ದುಡ್ಡಿನಲ್ಲಿ ಗಂಬೂಟು ತರುವುದೆಂದು ತೀರ್ಮಾನವಾಯಿತು. ಬ್ಯಾನರನ್ನು ತಪ್ಪಿಸಲು ಮಾತ್ರ ಆಗಲಿಲ್ಲ. ಫಾದರ್ ಒಂದು ಬದಿಗೆ, ಪಾಲನಾ ಪರಿಷತ್ತಿನ ಉಪಾಧ್ಯಕ್ಷರು ಕೈಮುಗಿದುಕೊಂಡು ಇನ್ನೊಂದು ಬದಿಗೆ, ನಡುವೆ ಜಾಗ ಉಳಿದಲ್ಲಿ ಕೊಡಗು.

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬುದು ಯೇಸುಸ್ವಾಮಿಯ ಉಪದೇಶ. ಆ ಕಾಲದಲ್ಲಿ ಎಡಗೈಯಲ್ಲಿ ಮೊಬೈಲ್ ಇರಲಿಲ್ಲ.

ಅದೇ ಸಭೆಯಲ್ಲಿ ನಮ್ಮ ವಾರ್ಡಿನ ಮುಂದಾಳು, ಹಿರಿಯ ಗುರ್ಕಾರರು, ಚರಿತ್ರೆ ಹೇಳಿದರು. ಅವರು ಎದ್ದು ನಿಂತರೆಂದರೆ ಟಿಪ್ಪುವಿನ ಕಾಲದಿಂದ ಈಚೆಗೆ ಬರುವುದಕ್ಕೆ ಅರ್ಧ ಗಂಟೆ ಬೇಕು. 1784ರ ವಿಭೂತಿ ಬುಧವಾರ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, ದಾರಿಯಲ್ಲೇ ಎಷ್ಟೋ ಜನ ಸತ್ತದ್ದು, ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟದ್ದು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನ ಇಗರ್ಜಿ ಎದ್ದದ್ದು. "ಆದ್ದರಿಂದ ಇದು ಸೇವೆ ಅಲ್ಲ, ಸಾಲ ತೀರಿಸುವುದು" ಎಂದು ಮುಗಿಸಿದರು. ಗುರ್ಕಾರರ ಭಾಷಣ ಎಂದರೆ ಮೊಬೈಲ್ ತೆಗೆಯುವ ಮಕ್ಕಳು ಆ ದಿನ ತೆಗೆಯಲಿಲ್ಲ. ಸಹಾಯ ಮಾಡಲು ಹೊರಡುವವನ ಎದೆ ಸ್ವಲ್ಪ ಉಬ್ಬಿರುತ್ತದೆ, ಸಾಲಗಾರನದ್ದು ಉಬ್ಬುವುದಿಲ್ಲ. ನನಗೂ ಅಂಥದ್ದೇ ಒಂದು ಮಾತು ಬೇಕಾಗಿತ್ತು, ಗುರ್ಕಾರರು ಪುಕ್ಕಟೆ ಕೊಟ್ಟರು.

ಇನ್ನು ಸಾಮಾನು. ಇಗರ್ಜಿಯ ಹಾಲಿಗೆ ಹಳೆ ಬಟ್ಟೆ ಬಂದು ಬೀಳತೊಡಗಿದ್ದು ಘೋಷಣೆ ಆದ ಮಧ್ಯಾಹ್ನದಿಂದಲೇ. ಕೊಡುಗೆ ಎಂಬ ನೆಪದಲ್ಲಿ ನಮ್ಮ ಊರಿನ ಬೀರುಗಳೆಲ್ಲ ಒಮ್ಮೆ ಉಸಿರು ಬಿಟ್ಟವು. ಗಲ್ಫಿನಿಂದ ಬಂದ ಉಣ್ಣೆಯ ಕೋಟು, ರವಿಕೆ ಇಲ್ಲದ ಸೀರೆ, ಸೀರೆ ಇಲ್ಲದ ರವಿಕೆ, ಮದುವೆಯ ಸೂಟಿನ ಪ್ಯಾಂಟು, ಒಂದೇ ಕಾಲಿನ ಬೂಟು, ಯಾವುದೋ ಶಾಲೆಯ ಟೈಗಳ ಒಂದು ಕಟ್ಟು. ಬೆಟ್ಟ ಜಾರಿ ಮನೆ ಕಳಕೊಂಡವನು ಟೈ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಅರಂತೋಡಿನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಸಿಸ್ಟರ್ ಒಬ್ಬರಿಗೆ ಫೋನು ಮಾಡಿ ಕೇಳಿದರೆ ಅವರು ಹೇಳಿದ ಪಟ್ಟಿ ಬೇರೆಯೇ: ಹೊಸ ಒಳಉಡುಪು, ನೈಟಿ, ಸ್ಯಾನಿಟರಿ ಪ್ಯಾಡು, ರಬ್ಬರ್ ಚಪ್ಪಲಿ, ಬಕೆಟು, ಟಾರ್ಚು, ಬ್ಲೀಚಿಂಗ್ ಪೌಡರು. "ಹಳೆ ಬಟ್ಟೆ ಮಾತ್ರ ದಮ್ಮಯ್ಯ ತರಬೇಡಿ ಬಾಯಿ, ಅದನ್ನು ವಿಂಗಡಿಸುವುದಕ್ಕೇ ಇನ್ನೊಂದು ಪರಿಹಾರ ಕೇಂದ್ರ ಬೇಕು" ಎಂದರು. ನಮ್ಮ ಹುಡುಗಿಯರು ಆ ರಾಶಿಯ ನಡುವೆ ಕೂತು ಎರಡು ಸಂಜೆ ಕಳೆದರು. ಕೊಟ್ಟವರಿಗೆ ವಾಪಸು ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಉಣ್ಣೆಯ ಕೋಟು ಇವತ್ತಿಗೂ ಗಂಟೆ ಗೋಪುರದ ಕೆಳಗಿನ ಕೋಣೆಯಲ್ಲಿದೆ, ನಾಟಕಕ್ಕೆ ಆಗುತ್ತದೆ.

ದಿನ ಗೊತ್ತು ಮಾಡುವಾಗ ಮೊಂತಿ ಹಬ್ಬ ಅಡ್ಡ ಬಂತು. ಸೆಪ್ಟೆಂಬರ್ 8 ನಮಗೆ ಮಾತೆ ಮರಿಯಮ್ಮನ ಜನ್ಮದಿನ, ತೆನೆ ಹಬ್ಬವೂ ಅದೇ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಮಕ್ಕಳ ಕೈಗೆ ಕಬ್ಬು ಬರುತ್ತದೆ, ವರ್ಷವಿಡೀ ಮೀನು ಮಾಂಸ ಉಣ್ಣುವ ಮನೆಗಳಲ್ಲಿ ಆ ಮಧ್ಯಾಹ್ನ ಬರೀ ತರಕಾರಿ. ಹೊರದೇಶದಲ್ಲಿದ್ದವರು ಕೂಡ ಆ ದಿನಕ್ಕೆ ಬರಬೇಕೆಂದು ಹಂಬಲಿಸುವಾಗ, ಇಲ್ಲೇ ಇರುವ ಮಗ ಗುಡ್ಡ ಅಗೆಯಲು ಹೊರಟರೆ ತಾಯಂದಿರು ಸುಮ್ಮನಿರುತ್ತಾರೆಯೇ? ಮುನ್ನಾದಿನ ಸಂಜೆಯೊಳಗೆ ತಲಾ ಒಂದರಂತೆ ಮಕ್ಕಳನ್ನು ಅವರವರ ಮನೆ ಬಾಗಿಲಲ್ಲಿ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅನುಮತಿ ಸಿಕ್ಕಿತು. ನರ್ಸಿಂಗ್ ಹುಡುಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಇಲಿಜ್ವರ ಬಾರದಂತೆ ಡಾಕ್ಸಿಸೈಕ್ಲಿನ್ ಗುಳಿಗೆ ನುಂಗಿಸಿದಳು. ವಾರಕ್ಕೊಮ್ಮೆ 200 ಮಿಲಿಗ್ರಾಂ, ಊಟವಾದ ಮೇಲೆ. ನಾಲಿಗೆ ಚಾಚಿ ನಿಂತ ಹುಡುಗರನ್ನು ಕಂಡು ದೂರದಿಂದ ಬಂದ ಒಬ್ಬ ಅಜ್ಜ, ಪರಮಪ್ರಸಾದ ಕೊಡುತ್ತಿದ್ದಾರೆಂದು ತಿಳಿದು ತಾನೂ ಸಾಲಿನಲ್ಲಿ ನಿಂತರು.

ಸೆಪ್ಟೆಂಬರಿನ ಮೊದಲ ಶನಿವಾರ ಹೊರಟೆವು. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ ಏನು ಮಹಾ ದೂರ? ಆದರೆ ಘಾಟಿಯ ರಸ್ತೆಯೇ ಜೋಡುಪಾಲದ ಹತ್ತಿರ ಕೊಚ್ಚಿಹೋಗಿತ್ತು. ಆದ್ದರಿಂದ ಆಲೆಟ್ಟಿ, ಕಲ್ಲಪಳ್ಳಿ ದಾಟಿ, ಕೇರಳದ ಪಾಣತ್ತೂರಿಗೆ ಹೋಗಿ, ಅಲ್ಲಿಂದ ಕರಿಕೆಯಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ಭಾಗಮಂಡಲದ ಮೇಲೆ ಮಡಿಕೇರಿಗೆ. ಆ ದಾರಿಯಲ್ಲಿ ಎದುರಿನಿಂದ ಒಂದು ಜೀಪು ಬಂದರೆ ಎರಡೂ ವಾಹನಗಳ ಡ್ರೈವರುಗಳು ಇಳಿದು, ಕುಶಲ ವಿಚಾರಿಸಿ, ಯಾರು ಹಿಂದೆ ಹೋಗುವುದೆಂದು ಸಂಧಾನ ಮಾಡಬೇಕು. ಜಪಮಾಲೆಗೆ ಕರೆದರೆ ಹಿಂದಿನ ಬೆಂಚಿಗೆ ಓಡುವ ಹುಡುಗರು ಕರಿಕೆ ಕಾಡಿನ ತಿರುವುಗಳಲ್ಲಿ ನಾನು ಹೇಳದೆಯೇ ಐದು ರಹಸ್ಯಗಳನ್ನೂ ಮುಗಿಸಿದರು.

ನಮಗೆ ಗೊತ್ತು ಮಾಡಿದ್ದು ಮಕ್ಕಂದೂರು ಕಡೆಯ ಕೆಲವು ಮನೆಗಳು. ಕುಸಿಯುವ ಭಯವಿದ್ದ ಜಾಗಗಳಿಗೆ ಯಾರನ್ನೂ ಬಿಡುತ್ತಿರಲಿಲ್ಲ, ಬಿಡಲೂ ಬಾರದು. ನಿಂತ ಮನೆಗಳಿಗೆ ಮೇಲಿನಿಂದ ಬಂದು ಹೊಕ್ಕ ಕೆಸರು ತೆಗೆಯುವುದಷ್ಟೇ ನಮ್ಮ ಪಾಲಿನದು. ವಾಹನ ನಿಂತಲ್ಲಿಂದ ನಡೆದು ಹೋದೆವು. ಅಂಗಳದಲ್ಲಿ ಒಬ್ಬ ಅಜ್ಜಿ ಕೊಡೆ ಊರಿಕೊಂಡು ನಿಂತಿದ್ದರು. ಅರೆಭಾಷೆ ಗೌಡರ ಮನೆ. ನೆಂಟರಲ್ಲಿ ಅರ್ಧ ಜನ ಸುಳ್ಯದ ಕಡೆಯವರು. ಮಗ ಸೊಸೆ ಇನ್ನೂ ಕೇಂದ್ರದಲ್ಲೇ ಇದ್ದರು. ಅಜ್ಜಿ ಮಾತ್ರ ಹಗಲು ಬಂದು ಮನೆ ಕಾಯುತ್ತಿದ್ದರು, ಕಳ್ಳರಿಂದ ಅಲ್ಲ, ನಮ್ಮಂಥವರಿಂದ.

ಇದು ನನಗೆ ಆಮೇಲೆ ಅರ್ಥವಾದ ಸಂಗತಿ. ನಮಗಿಂತ ಮೊದಲು ಬಂದಿದ್ದ ಒಂದು ತಂಡ ಪುಣ್ಯಕ್ಕೆಂದು ಕೆಲಸ ಶುರುಮಾಡಿ, ಕೆಸರಾಗಿದೆಯೆಂದು ಅಜ್ಜಿಯ ಕಾಗದಪತ್ರದ ಪೆಟ್ಟಿಗೆಯನ್ನೇ ಕೆಸರಿನ ಜೊತೆ ತೋಡಿಗೆ ಸುರಿದಿತ್ತು. ಪಹಣಿ, ಪಾಸ್‌ಬುಕ್ಕು, ತೀರಿಹೋದ ಗಂಡನ ಮಿಲಿಟರಿ ಪಿಂಚಣಿಯ ಕಾಗದ ಎಲ್ಲ ಅದರಲ್ಲಿತ್ತು. ಆದ್ದರಿಂದ ಅಜ್ಜಿ ನಮ್ಮನ್ನು ಕಂಡದ್ದೇ, "ಏನನ್ನೂ ಎಸೆಯಬೇಡಿ. ನಾನು ಹೇಳಿದ ಮೇಲೆ ಎಸೆಯಿರಿ" ಎಂದು ಕಟ್ಟಪ್ಪಣೆ ಮಾಡಿದರು. ಇಂಥ ಪ್ರವಾಸಕ್ಕೆ ಹೋಗುವವರ ಮುಖ್ಯ ಕೆಲಸ ಯಾವುದೆಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ: ಮನೆಯೊಡತಿಯ ಮಾತು ಕೇಳುವುದು. ಮನೆಯ ಅರ್ಧ ಹೋದ ಮೇಲೂ ಉಳಿದರ್ಧಕ್ಕೆ ಅವರೇ ಯಜಮಾನರು. ಮತ್ತು ಮುಂದಾಳುವಿನ ಕೆಲಸ, ಇಪ್ಪತ್ತರ ಹರೆಯದ ಹುಮ್ಮಸ್ಸಿನಿಂದ ಆ ಮನೆಯನ್ನು ಕಾಪಾಡುವುದು.

ಕೆಸರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಗದ್ದೆಯ ಕೆಸರು ಗೊತ್ತಿದ್ದವರಿಗೂ ಗುಡ್ಡದ ಕೆಸರು ಹೊಸತೇ. ಅದರಲ್ಲಿ ಕಲ್ಲಿದೆ, ಬೇರಿದೆ, ಹಸಿರು ಕಾಫಿ ಕಾಯಿಯಿದೆ, ಯಾರದೋ ಮನೆಯ ಚಮಚವಿದೆ. ಒದ್ದೆಯಿರುವಾಗ ಹಾರೆಗೆ ಸಿಗದೆ ಜಾರುತ್ತದೆ; ಒಣಗಲು ಬಿಟ್ಟರೆ ನೆಲಕ್ಕೆ ಕಚ್ಚಿ ಇಟ್ಟಿಗೆಯಾಗುತ್ತದೆ, ಆಮೇಲೆ ಪಿಕ್ಕಾಸಿಯೇ ಬೇಕು. ಎರಡರ ನಡುವೆ ಒಂದು ಹದವಿದೆ. ಅದು ಅಜ್ಜಿಗೆ ಗೊತ್ತಿತ್ತು, ಇಂಜಿನಿಯರಿಂಗ್ ಓದುವ ನಮ್ಮ ಹುಡುಗರಿಗೆ ಗೊತ್ತಿರಲಿಲ್ಲ. ಮೊದಲು ಹಿಂಬಾಗಿಲಿನಿಂದ ನೀರು ಹರಿಯಲು ಚರಂಡಿ ಬಿಡಿಸಬೇಕು, ಆಮೇಲೆ ಬಾಗಿಲ ಹತ್ತಿರದ್ದನ್ನು ತೆಗೆಯಬೇಕು, ಮೂಲೆಗೆ ಕೊನೆಯಲ್ಲಿ ಹೋಗಬೇಕು. ಬಾಣಲೆಗಳು ಕೈಯಿಂದ ಕೈಗೆ ಸಾಲಿನಲ್ಲಿ ದಾಟುತ್ತಿದ್ದವು. ಜಿಮ್ಮಿಗೆ ಹೋಗಿ ತೋಳು ಬೆಳೆಸಿದ್ದ ಹುಡುಗ ಹನ್ನೊಂದು ಗಂಟೆಗೆ ಕೂತ. ಮನೆಯಲ್ಲಿ ನಿತ್ಯ ಎರಡು ದನಗಳ ಕೊಟ್ಟಿಗೆ ತೊಳೆಯುವ ಪೀಚಲು ಹುಡುಗಿ ಸಂಜೆಯವರೆಗೆ ಕೂರಲೇ ಇಲ್ಲ.

ಕೆಸರಿನಿಂದ ಮೊದಲು ಸಿಕ್ಕ ಹಂಚನ್ನು ತೊಳೆದು ನೋಡಿದರೆ ಬೆನ್ನಿನ ಮೇಲೆ ಮಂಗಳೂರಿನ ಕಾರ್ಖಾನೆಯ ಮುದ್ರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ಜೇಡಿಯಿಂದ ಹಂಚು ಸುಡಲು ಶುರುಮಾಡಿದ ಮೇಲೆ ನಮ್ಮ ಹಂಚು ಹತ್ತದ ಘಾಟಿಯಿಲ್ಲ. ಹುಡುಗರಿಗೆ ಊರಿನವನು ಸಿಕ್ಕಷ್ಟು ಸಂತೋಷ. ಅಜ್ಜಿಗೆ ತೋರಿಸಿದರೆ, "ಹೌದು, ಹಂಚು ನಿಮ್ಮದೇ. ಐವತ್ತು ವರ್ಷದಿಂದ ಸೋರುವುದೂ ನಿಮ್ಮದೇ" ಎಂದರು.

ಅಜ್ಜಿಯ ನಾಲಿಗೆಗೆ ಹೀಗೆ ಕೆಸರು ತಾಗಿರಲೇ ಇಲ್ಲ. ಊಟದ ಹೊತ್ತಿಗೆ ಸೆಕ್ರೆಟರಿ, ಗುರ್ಕಾರರಿಂದ ಕಲಿತ ಚರಿತ್ರೆಯನ್ನು ಬಲು ವಿನಯದಿಂದ ಅವರ ಮುಂದೆ ಒಪ್ಪಿಸಿದ: ರಾಜರು ನಮಗೆ ಜಾಗ ಕೊಟ್ಟರು, ಆ ಋಣ ತೀರಿಸಲು ಬಂದಿದ್ದೇವೆ. ಅಜ್ಜಿ ಪೂರ್ತಿ ಕೇಳಿದರು. "ಯಾವ ಇಸವಿ ಅಂದಿರಿ?" 1792. "ಹಾಗಾದರೆ ಇನ್ನೂರಿಪ್ಪತ್ತಾರು ವರ್ಷದ ಬಡ್ಡಿ ಲೆಕ್ಕ ಹಾಕಿ ಮಕ್ಕಳೇ. ಒಂದು ಕೋಣೆಯ ಕೆಸರು ತೆಗೆದರೆ ಅಸಲಿಗೂ ಸಾಕಾಗದು." ಆಮೇಲೆ ಸ್ವಲ್ಪ ಯೋಚಿಸಿ, ನಮ್ಮವರೂ ಒಮ್ಮೆ ಮಂಗಳೂರಿಗೆ ಬಂದಿದ್ದರು ಗೊತ್ತಾ ಎಂದು ಕೇಳಿದರು. ಅದು 1837ರ ಅಮರ ಸುಳ್ಯದ ದಂಗೆ. ಸುಳ್ಯದ ಸೀಮೆಯ ರೈತರು ಕಂಪನಿ ಸರಕಾರದ ಮೇಲೆ ಎದ್ದು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿದ್ದರು. "ಆಗ ನಾವು ಹಾರೆ ತಂದಿರಲಿಲ್ಲ" ಎಂದು ಅಜ್ಜಿ ನಕ್ಕರು.

ಊಟ ಎಂದೆ. ನಮ್ಮ ಊಟ ನಾವೇ ಒಯ್ಯಬೇಕು, ಅವರ ಮೇಲೆ ಭಾರ ಹಾಕಬಾರದು ಎಂಬುದು ನಾನು ಹೊರಡುವ ಮೊದಲು ಹಾಕಿದ್ದ ಕಾನೂನು. ಅಕ್ಕಿ, ಒಣಮೀನು, ಉಪ್ಪಿನಕಾಯಿ, ಒಂದು ಡಬ್ಬ ಸೀಗಡಿ ಚಟ್ನಿ ಎಲ್ಲ ತಂದಿದ್ದೆವು. ಅಜ್ಜಿ ಒಂದು ದಿನ ತಡೆದುಕೊಂಡರು. ಮರುದಿನ ಮನೆಯ ಮೇಲಿನ ಬಿದಿರ ಮೆಳೆಯಿಂದ ಕಣಿಲೆ ತಂದು ಹೆಚ್ಚಿ ನೀರಿನಲ್ಲಿ ಹಾಕಿದ್ದರು. ಯಾರೋ ಕೇಂದ್ರದಿಂದ ತಂದುಕೊಟ್ಟ ಅಕ್ಕಿ ತರಿಯಲ್ಲಿ ಕಡಂಬುಟ್ಟು. ಬೇಡ ಎನ್ನಲು ನಾನು ಬಾಯಿ ತೆರೆದದ್ದನ್ನು ಕಂಡು, "ಬಂದವರಿಗೆ ಒಂದು ಹೊತ್ತು ಬಡಿಸದಿದ್ದರೆ ಇದು ಮನೆಯಾ ಕ್ಯಾಂಪಾ?" ಎಂದು ಕೇಳಿದರು. ಕಾನೂನನ್ನು ಅಲ್ಲಿಯೇ ರದ್ದು ಮಾಡಿದೆ. ನಮ್ಮ ಸೀಗಡಿ ಚಟ್ನಿ ಅವರ ಕಡಂಬುಟ್ಟಿಗೆ ಹೊಂದುತ್ತದೆ ಎಂಬುದು ಆ ಪ್ರವಾಸದ ನಿಸ್ಸಂದೇಹವಾದ ಲಾಭ.

ಇಂಬಳದ ಸಂಗತಿ ಹೆಚ್ಚು ಬರೆಯುವುದಿಲ್ಲ. ಮಳೆಗಾಲದ ಕೊಡಗಿಗೆ ಹೋದವರಿಗೆಲ್ಲ ಅವರವರ ಇಂಬಳದ ಕತೆ ಇರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಎಂದು ಮೂರು ಪಂಥಗಳಾದವು. ಗಿಟಾರು ಹುಡುಗ ಮಾತ್ರ ಯಾವ ಪಂಥಕ್ಕೂ ಸೇರದೆ ಕಿರುಚುವ ಪದ್ಧತಿ ಅನುಸರಿಸಿದ. ಅವನ ಗಿಟಾರು ವಾಹನದಿಂದ ಕೆಳಗಿಳಿದದ್ದು ಒಂದೇ ಸಲ, ಒಂದು ಸಂಜೆ ಪರಿಹಾರ ಕೇಂದ್ರದಲ್ಲಿ. ಭಕ್ತಿಗೀತೆ ಹಾಡಿ ಸಾಂತ್ವನ ಹೇಳುವುದೆಂದು ಅವನ ಯೋಜನೆ. ಅಲ್ಲಿನ ಮಕ್ಕಳು ಸಿನಿಮಾ ಹಾಡು ಕೇಳಿದವು. ಅವನು ನನ್ನ ಮುಖ ನೋಡಿದ, ನಾನು ಗೋಡೆಯ ಮೇಲಿನ ಭೂಪಟ ನೋಡಿದೆ. ಬಹಳ ಹೊತ್ತು ಸಿನಿಮಾ ಹಾಡೇ ನಡೆಯಿತು.

ಬ್ಯಾನರಿಗೂ ಒಂದು ಗತಿ ಕಂಡಿತು. ಒದ್ದೆಯಾದ ಸೌದೆ ಮುಚ್ಚಲು ಏನಾದರೂ ಉಂಟಾ ಎಂದು ಅಜ್ಜಿ ಕೇಳಿದರು. ದೊಡ್ಡವರ ಮುಖ ಒಳಗೆ ಬರುವಂತೆ ಮರ್ಯಾದೆಯಿಂದ ಹೊದಿಸಲು ಹೋದರೆ, "ಮುಖ ಹೊರಗಿರಲಿ, ಮಂಗಗಳು ಬರುವುದಿಲ್ಲ" ಎಂದರು. ಹಾಗೆಯೇ ಹೊದಿಸಿದೆವು. ನಾವಿರುವಷ್ಟು ದಿನ ಒಂದು ಮಂಗವೂ ಬರಲಿಲ್ಲವೆಂಬುದನ್ನು ಉಪಾಧ್ಯಕ್ಷರಿಗೆ ಇನ್ನೂ ತಿಳಿಸಿಲ್ಲ.

ಸೆಪ್ಟೆಂಬರ್ 3 ಕೈಲು ಮುಹೂರ್ತ. ನಾಟಿ ಕೆಲಸ ಮುಗಿಸಿ ಕೋವಿ ಕತ್ತಿಗಳನ್ನು ಸಾಲಾಗಿ ಇಟ್ಟು, ತೋಕ್ ಹೂ ಸಿಕ್ಕಿಸಿ, ಪೂಜೆ ಮಾಡಿ ಬೇಟೆಗೂ ಆಟಕ್ಕೂ ಹೊರಡುವ ಹಬ್ಬ. ಆ ವರ್ಷ ಆ ಊರುಗಳಲ್ಲಿ ಹಬ್ಬದ ಮಾತೇ ಇರಲಿಲ್ಲ. ನಾಟಿ ಮಾಡಿದ ಗದ್ದೆಯ ಮೇಲೆ ಗುಡ್ಡ ಕೂತಿತ್ತು. ಅಜ್ಜಿಯ ಮನೆಯ ಕೋವಿಯನ್ನು ಹುಡುಗರು ಮಂಚದಡಿಯ ಕೆಸರಿನಿಂದ ಹುಡುಕಿ ತೆಗೆದಾಗ ನಳಿಗೆಯ ತುಂಬ ಮಣ್ಣು. ಅದನ್ನು ತೊಳೆಯಲು ನಾಮುಂದು ತಾಮುಂದು ಎಂದು ಎಲ್ಲರೂ ಬಂದರು. ಪಾತ್ರೆ ತೊಳೆಯಲು ಹೀಗೆ ಯಾರೂ ಬಂದದ್ದು ನಾನು ಕಾಣೆ. ಆದರೂ ಹಬ್ಬದ ಬೆಳಿಗ್ಗೆ ನಾವು ಹೋಗುವಾಗ ಜಗಲಿಯಲ್ಲಿ ಅಜ್ಜಿ ಒಂದು ಮಣೆ ಹಾಕಿ ಕೋವಿ ಒರಗಿಸಿದ್ದರು. ಪಕ್ಕದಲ್ಲಿ, ನಾವು ಹಿಂದಿನ ಸಂಜೆ ತೊಳೆದಿಟ್ಟು ಹೋಗಿದ್ದ ಹಾರೆಗಳು. ಎಲ್ಲಕ್ಕೂ ಗಂಧ, ಎಲ್ಲಕ್ಕೂ ಹೂ.

"ಈ ಸಲ ಆಯುಧ ಅಂತ ಇದ್ದದ್ದು ಇದೇ ಅಲ್ಲವಾ" ಎಂದರು. ಸೆಕ್ರೆಟರಿ ನನ್ನ ಕಿವಿಯಲ್ಲಿ, ಟೀಚರ್, ಹಾರೆ ಇಗರ್ಜಿಯದ್ದು, ಪರವಾಗಿಲ್ವಾ ಎಂದು ಕೇಳಿದ. ಗಂಧ ಒಣಗುವವರೆಗೆ ತಾಳು, ಆಮೇಲೆ ಕೆಲಸ ಶುರು ಮಾಡು ಎಂದೆ.

ಹೊರಡುವ ದಿನ ನಮ್ಮ ಹಬ್ಬದ ಸಂಗತಿ ಕೇಳಿ ಅಜ್ಜಿಗೆ ಆಶ್ಚರ್ಯ. "ಈಗಲೇ ನಿಮಗೆ ಕದಿರು ಬಂತಾ? ನಮಗೆ ಹುತ್ತರಿಗೆ." ಘಟ್ಟದ ಕೆಳಗೆ ಸೆಪ್ಟೆಂಬರಿನಲ್ಲಿ ಮನೆಗೆ ಬರುವ ಹೊಸ ಅಕ್ಕಿ ಘಟ್ಟದ ಮೇಲೆ ಬರುವುದು ನವೆಂಬರ್ ಕೊನೆಗೋ ಡಿಸೆಂಬರಿಗೋ. ತಮ್ಮ ಗದ್ದೆಯಲ್ಲಿ ಈ ಸಲ ಕದಿರು ಇಲ್ಲ, ಸಂಬಂಧಿಕರ ಗದ್ದೆಯಿಂದ ತರುವುದು ಎಂದು ಲೆಕ್ಕ ಹಾಕಿದರು. ಅಳುವ ಧ್ವನಿಯಲ್ಲಿ ಅಲ್ಲ, ಸಾಮಾನು ಪಟ್ಟಿ ಮಾಡುವ ಧ್ವನಿಯಲ್ಲಿ. ಆಮೇಲೆ ನಮ್ಮ ಹುಡುಗ ಹುಡುಗಿಯರನ್ನು ಒಂದು ಸುತ್ತು ನೋಡಿ, ಮೇಲಿನ ತೋಟ ಸ್ವಲ್ಪ ಉಳಿದಿದೆ, ಜನವರಿ ಫೆಬ್ರುವರಿಯಲ್ಲಿ ರೊಬಸ್ಟಾ ಕುಯ್ಲು, ಆಳುಗಳೇ ಸಿಗುವುದಿಲ್ಲ, ಬರುತ್ತೀರಾ ಎಂದು ಕೇಳಿದರು. "ಕೂಲಿ ಕೊಡ್ತೇನೆ. ಬಡ್ಡಿಯಲ್ಲಿ ಮುರಿದುಕೊಂಡು." ಆ ಪೀಚಲು ಹುಡುಗಿಯನ್ನು ತೋರಿಸಿ, ಇವಳು ಖಂಡಿತ ಬರಬೇಕು ಎಂದರು. ಜಿಮ್ಮಿನ ಹುಡುಗನ ಬಗ್ಗೆ ಏನೂ ಹೇಳಲಿಲ್ಲ.

ಹಬ್ಬ ಕಳೆದ ಮೇಲೆ ಪಾಲನಾ ಪರಿಷತ್ತಿನಲ್ಲಿ ಲೆಕ್ಕ ಒಪ್ಪಿಸಿದೆವು. ವರದಿಯ ನಮೂನೆಯಲ್ಲಿ ಫಲಾನುಭವಿಗಳ ಸಂಖ್ಯೆ ಎಂದು ಒಂದು ಕಾಲಂ ಇತ್ತು. ಸೆಕ್ರೆಟರಿ ಅಲ್ಲಿ ಎಷ್ಟೋ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ನಮ್ಮ ತಂಡದವರ ಸಂಖ್ಯೆಯನ್ನೇ ಬರೆದ. ಅದನ್ನು ಯಾರೂ ಗಮನಿಸಲಿಲ್ಲ. ಖಜಾಂಚಿಯ ಕಣ್ಣು ಬಿದ್ದದ್ದು ಬೇರೆ ಕಡೆಗೆ: ಹೋಗುವಾಗ ಹೊಸ ಹಾರೆಗಳ ಬಿಲ್ಲು ಇದೆ, ಬಂದ ಮೇಲೆ ಸ್ಟೋರಿನಲ್ಲಿ ಹಾರೆ ಒಂದೂ ಇಲ್ಲ. ಇಗರ್ಜಿಯ ಆಸ್ತಿ ಎಲ್ಲಿ ಹೋಯಿತು?

"ಅಲ್ಲೇ ಬಿಟ್ಟು ಬಂದೆವು" ಎಂದ ಸೆಕ್ರೆಟರಿ. "ಕೊಟ್ಟದ್ದಾ, ಮರೆತದ್ದಾ?" ಎಂದು ಖಜಾಂಚಿ. ಕೊಟ್ಟದ್ದಾದರೆ ಠರಾವು ಬೇಕು, ಮರೆತದ್ದಾದರೆ ದಂಡ. ಸೆಕ್ರೆಟರಿ ನನ್ನನ್ನು ನೋಡಿದ. ನಾನು ಗುರ್ಕಾರರನ್ನು ನೋಡಿದೆ. ಗುರ್ಕಾರರು ನಿಧಾನವಾಗಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "1784ರ ವಿಭೂತಿ ಬುಧವಾರ..." ಎಂದು ಆರಂಭಿಸಿದರು. ಖಜಾಂಚಿ ಗಡಿಯಾರ ನೋಡಿ, ಹಾರೆಗಳನ್ನು ಬಡ್ಡಿಯ ಬಾಬ್ತು ಎಂದು ಬರೆದುಕೊಂಡರು.